ಮೊದಲ ಪಿಟೀಲು

"ಮಗಳು ಪಿಟೀಲು ಕಲೀಬೇಕಂತೆ, ಅಗ್ಗದ್ದೊಂದು ಸಾಕಲ್ವಾ?" ಅನೇಕ ಮನೆಗಳಲ್ಲಿ ಕೇಳಿಬರುವ ಮಾತಿದು. ಸಾಕು, ಖಂಡಿತ ಸಾಕು. ಆದರೆ ಅಗ್ಗದ ವಾದ್ಯ ಬೇರೆ, ನುಡಿಸಲಾಗದ ವಾದ್ಯ ಬೇರೆ.

ತಂತಿ ಬಿಗಿಯುವ ಬಿರಡೆ ಜಾರುತ್ತಿದ್ದರೆ ಒಂದು ಸರಳೆ ಮುಗಿಯುವಷ್ಟರಲ್ಲಿ ಶ್ರುತಿ ಇಳಿದಿರುತ್ತದೆ. ತಂತಿಗಳನ್ನು ಹೊರುವ ಕುದುರೆ ತೀರಾ ಎತ್ತರವಾಗಿದ್ದರೆ ಅವನ್ನು ಒತ್ತಿ ಒತ್ತಿ ಎಳೆಯ ಬೆರಳು ನೋಯುತ್ತದೆ. ಮಗು ತನಗೇ ಸಂಗೀತ ಒಲಿಯದು ಎಂದುಕೊಂಡು ಬಿಟ್ಟುಬಿಡುತ್ತದೆ. ತಪ್ಪು ವಾದ್ಯದ್ದು ಎಂದು ಅದಕ್ಕೆ ಹೇಳುವವರು ಯಾರು? ನನಗೆ ಸಂಕಟವಾಗುವುದು ಇಲ್ಲೇ.

ಹಾಗಾಗಿ ಅಂಗಡಿಯಲ್ಲಿ ಪಾಲಿಶಿನ ಹೊಳಪಿಗೆ ಮರುಳಾಗಬೇಡಿ. ಬಿರಡೆ ತಿರುಗಿಸಿ, ನಿಲ್ಲಿಸಿದಲ್ಲಿ ನಿಲ್ಲುತ್ತದೆಯೇ ನೋಡಿ. ಕಮಾನನ್ನು ಕಣ್ಣಿನ ನೇರಕ್ಕೆ ಹಿಡಿದು, ಪಕ್ಕಕ್ಕೆ ತಿರುಚಿಕೊಂಡಿದೆಯೇ ಗಮನಿಸಿ. ಪಿಟೀಲಿನಲ್ಲಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಹೀಗೆ ಅಳತೆಗಳಿವೆ. ಮಗುವಿನ ತೋಳಿಗೆ ಹೊಂದುವುದೇ ಬೇಕು. "ಹೇಗೂ ಬೆಳೀತಾಳೆ" ಎಂದು ದೊಡ್ಡದನ್ನು ಕೊಂಡರೆ ಕೈ, ಕತ್ತು ಎರಡೂ ಸೋಲುತ್ತವೆ. ಬೆಳೆಯುವ ಮಕ್ಕಳಿಗೆ ಬಾಡಿಗೆಯ ಪಿಟೀಲೋ, ದೊಡ್ಡ ವಿದ್ಯಾರ್ಥಿಗಳು ಬಳಸಿಬಿಟ್ಟ ಚಿಕ್ಕ ಪಿಟೀಲೋ ಹೊಸದಕ್ಕಿಂತ ಜಾಣ ಆಯ್ಕೆ. ಕೈಯಲ್ಲಿರುವ ಹಣದಲ್ಲಿ ಒಂದು ಪಾಲನ್ನು ಒಳ್ಳೆಯ ತಂತಿಗೆ, ಕುದುರೆ ಸರಿಪಡಿಸುವುದಕ್ಕೆ ಉಳಿಸಿಕೊಳ್ಳಿ.

ನಮ್ಮ ಮೈಸೂರಿನ ಪಿಟೀಲು ವಿದ್ವಾಂಸ ಚೌಡಯ್ಯನವರು ದೊಡ್ಡ ಸಭೆಗೆ ನಾದ ಸಾಲದೆಂದು ಪಿಟೀಲಿಗೆ ಏಳು ತಂತಿ ಹೂಡಿದರು. ಆದರೆ ಮೊದಲ ಪಾಠಕ್ಕೆ ನಾಲ್ಕೇ ಸಾಕು. ಅವು ಸ-ಪ-ಸ-ಪ ಶ್ರುತಿಯಲ್ಲಿ ಕದಲದೆ ನಿಲ್ಲಬೇಕು, ಅಷ್ಟೇ.

ದಯವಿಟ್ಟು, ದುಡ್ಡು ಕೊಡುವ ಮೊದಲು ಆ ಪಿಟೀಲನ್ನು ಮೇಷ್ಟ್ರ ಕೈಯಲ್ಲಿ ಒಮ್ಮೆ ನುಡಿಸಿ ನೋಡಿ.