ಮೊಣಕಾಲಿನ ಮೆಲ್ಲೆಲುಬು ಮತ್ತು ಹೊಲದ ದುಡಿಮೆ



ಬಬಲೇಶ್ವರ ತಾಲ್ಲೂಕಿನ ನಿಡೋಣಿಯಂತಹ ಊರುಗಳಲ್ಲಿ ಬಿಳಿಜೋಳದ ಹೊಲದ ಕಸ ತೆಗೆಯುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಕುಕ್ಕರಗಾಲಿನಲ್ಲಿ ಕುಳಿತು ಸಾಲು ಹಿಡಿದು ದುಡಿದವರಿಗೆ ಮೊಣಕಾಲು ನೋವು ಬಂದರೆ, ‘ಬಂಡಿಯ ಅಚ್ಚಿನಂತೆ ಕಾಲೂ ಸವೆಯುತ್ತದೆ, ಮಾಡುವುದೇನು?’ ಎಂದು ಸುಮ್ಮನಾಗುವುದುಂಟು. ಈ ಮಾತು ಅರ್ಧ ಮಾತ್ರ ನಿಜ. ಅಚ್ಚು ಕಬ್ಬಿಣ; ಮೊಣಕಾಲಿನ ಮೆಲ್ಲೆಲುಬು ಜೀವವಿರುವ ವಸ್ತು.

ಎಲುಬಿನ ತುದಿಗೆ ಕೆಲವೇ ಮಿಲಿಮೀಟರ್ ದಪ್ಪವಿರುವ ಈ ಹೊದಿಕೆಯಲ್ಲಿ ಶೇಕಡಾ 70ರಿಂದ 80ರಷ್ಟು ನೀರೇ ಇದೆ. ಉಳಿದದ್ದು ಮುಖ್ಯವಾಗಿ ಕೊಲಾಜೆನ್ ನಾರಿನ ಬಲೆ ಹಾಗೂ ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕಾನ್. ಇದರಲ್ಲಿ ರಕ್ತನಾಳಗಳಿಲ್ಲ. ಕೀಲಿನ ರಸವೇ ಇದರ ಆಹಾರ. ಹೆಜ್ಜೆಯೂರಿದಾಗ ನೀರು ಹೊರಕ್ಕೆ ಜಿನುಗುತ್ತದೆ, ಕಾಲೆತ್ತಿದಾಗ ಮರಳಿ ಒಳಸೇರುತ್ತದೆ. ನರಗಳೂ ಇಲ್ಲದ ಕಾರಣ ಸವಕಳಿ ಆರಂಭವಾದುದು ಕೂಡಲೇ ತಿಳಿಯುವುದಿಲ್ಲ.

ಎರೆಭೂಮಿಗೆ ಹದವಿರುವಂತೆ ಮೆಲ್ಲೆಲುಬಿಗೂ ಭಾರದ ಹದವಿದೆ. ನಡಿಗೆಯಂತೆ ಬಿಟ್ಟುಬಿಟ್ಟು ಬೀಳುವ ಮಿತವಾದ ಭಾರವನ್ನು ಒಳಗಿನ ಜೀವಕೋಶಗಳು ಗುರುತಿಸಿ ಹೊಸ ನಾರು ಮತ್ತು ಪ್ರೋಟಿಯೋಗ್ಲೈಕಾನ್ ತಯಾರಿಸುತ್ತವೆ. ಒಂದೇ ಸಮನೆ ಅದುಮಿಟ್ಟರೆ ಈ ತಯಾರಿಕೆ ಕುಗ್ಗುತ್ತದೆ. ಮಿತಿಮೀರಿದ ಒತ್ತಡ ಬಿದ್ದರೆ ಪೀಜೋ ಎಂಬ ಪ್ರೋಟೀನಿನ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗಿ ಜೀವಕೋಶಗಳು ಸಾಯಬಹುದು. ಈ ಬಾಗಿಲುಗಳನ್ನು 2010ರಲ್ಲಿ ಕಂಡುಹಿಡಿದ ತಂಡದ ಮುಖ್ಯಸ್ಥ ಆರ್ಡೆಮ್ ಪಟಪೂಟಿಯನ್ ಅವರು 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಇನ್ನು ಭಾರವೇ ಬೀಳದಿದ್ದರೂ ಕೇಡೇ: ಬಹುಕಾಲ ಮಲಗಿದವರ ಮೆಲ್ಲೆಲುಬು ತೆಳುವಾಗುತ್ತದೆ.

ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು:

1. ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂರಬಾರದು. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು; ಇಲ್ಲವೆ ಗಿಡ್ಡ ಮಣೆ ಬಳಸಬೇಕು.

2. ಸಾಲುಗಳ ನಡುವೆ ಎಡೆಕುಂಟೆ ಅಥವಾ ನಿಂತು ತಳ್ಳುವ ಸೈಕಲ್ ಕುಂಟೆ ಹೊಡೆದರೆ, ಕುಳಿತು ತೆಗೆಯುವ ಕಸ ಸಾಲಿನೊಳಗಿನದು ಮಾತ್ರ ಉಳಿಯುತ್ತದೆ.

3. ನಡೆಯುವಾಗ ಮೊಣಕಾಲಿನ ಮೇಲೆ ದೇಹತೂಕದ 2ರಿಂದ 3 ಪಟ್ಟು ಭಾರ ಬೀಳುತ್ತದೆ. ಅತಿತೂಕದವರು 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಸುಮಾರು 4 ಕಿಲೋ ಭಾರ ತಗ್ಗುತ್ತದೆ.

4. ನೋವಿದೆಯೆಂದು ಹಾಸಿಗೆ ಹಿಡಿಯಬಾರದು. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೀಳವಾಗಿ ಚಾಚಿ ಇಳಿಸುವ ವ್ಯಾಯಾಮದಿಂದ ತೊಡೆಯ ಸ್ನಾಯು ಬಲಗೊಳ್ಳುತ್ತದೆ. ಕೀಲು ಬಾತರೆ, ಬಿಸಿಯಾದರೆ ಅಥವಾ ಸಿಕ್ಕಿಕೊಂಡರೆ ವೈದ್ಯರಿಗೆ ತೋರಿಸಬೇಕು.

ಒಮ್ಮೆ ಸವೆದುಹೋದ ಮೆಲ್ಲೆಲುಬು ಮೊದಲಿನಂತೆ ಬೆಳೆಯುವುದಿಲ್ಲ. ಎತ್ತಿನ ಹೆಗಲು ಬಾತರೆ ನೊಗ ಇಳಿಸುವ ಮನೆಯವರು, ಮನೆಯ ಹೆಣ್ಣುಮಗಳ ಮೊಣಕಾಲಿನ ಕಡೆಗೂ ಅಷ್ಟೇ ಲಕ್ಷ್ಯ ಕೊಡಬೇಕು.