ಗ್ಯಾಸ್ಕೆಟ್ಟು ಹೋಯಿತೆನ್ನುವ ಮೊದಲು
(ತಾಳವಾಡಿ ಭಾಗದ ಗಾಡಿ ಚಾಲಕರ ಕೂಟದಲ್ಲಿ ಮಾಡಿದ ಭಾಷಣ)



ಬಣ್ಣಾರಿಯಿಂದ ದಿಂಬಂ ತಲಪುವುದರೊಳಗೆ 27 ತಿರುವುಗಳು. ಸತ್ಯಮಂಗಲದಿಂದ ಸಿಮೆಂಟು, ಗೊಬ್ಬರ ಹೇರಿಕೊಂಡು ಬರುವ ಗಾಡಿ ಆ ಏರಿನಲ್ಲಿ ಸಣ್ಣ ಗೇರಿನಲ್ಲಿ ನಿಧಾನವಾಗಿ ಹತ್ತಬೇಕು. ಇಂಜಿನಿಗೆ ದುಡಿಮೆ ಹೆಚ್ಚು, ರೇಡಿಯೇಟರಿಗೆ ಸಿಗುವ ಗಾಳಿ ಕಡಿಮೆ. ಎಲ್ಲಿ ಏನೇ ಕೊರತೆಯಿದ್ದರೂ ಅದು ಬಯಲಿಗೆ ಬರುವುದು ಅಲ್ಲೇ. ಕಾದುಹೋದ ಗಾಡಿಯನ್ನು ವರ್ಕ್‌ಶಾಪಿಗೆ ತಂದೊಡನೆ ಕೇಳಿಬರುವ ಮಾತು ನಿಮಗೆಲ್ಲ ಬಾಯಿಪಾಠ: "ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು." ಎರಡು ದಿನ ಕಳೆದರೆ ಇನ್ನೊಂದು ಮಾತು: "ಬೋರಿಗೆ ಬಂದಿದೆ, ಇಂಜಿನೇ ಬದಲಾಯಿಸಿಬಿಡಿ." ಸಾಲದಲ್ಲಿ ಗಾಡಿ ಮಾಡಿಕೊಂಡು ತಾನೇ ಓಡಿಸುವವನಿಗೆ ಈ ಎರಡು ಮಾತಿನ ನಡುವಣ ವ್ಯತ್ಯಾಸವೆಂದರೆ ಹಲವು ತಿಂಗಳ ಕಂತು. ಸಂಬಳಕ್ಕೆ ಓಡಿಸುವವನಿಗೆ ಅದು ಕೆಲಸ ಉಳಿಯುವ, ಹೋಗುವ ಪ್ರಶ್ನೆ.

ನಾನು ಮೆಕ್ಯಾನಿಕ್ ಅಲ್ಲ. ಆದರೆ ಇಂಥ ತಕರಾರುಗಳಲ್ಲಿ ನಡುವೆ ಕೂತು, ನಂಬಿಕಸ್ಥ ಮೇಸ್ತ್ರಿಗಳನ್ನು ಕೇಳಿ ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಹೆಡ್ ಇಳಿಸುವ ಮೊದಲು ಪರೀಕ್ಷೆಯಾಗಬೇಕು. ಇಳಿಸಿದ ಮೇಲೆ ಅಳತೆಯಾಗಬೇಕು. ತೀರ್ಮಾನ ಅದರ ನಂತರದ ಮಾತು.

ಇಂಜಿನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಇರುವ ತೆಳು ಹಾಳೆಯೇ ಗ್ಯಾಸ್ಕೆಟ್ಟು. ಸಿಲಿಂಡರಿನ ಬೆಂಕಿ, ತಂಪು ಮಾಡುವ ನೀರು, ಆಯಿಲು, ಈ ಮೂರೂ ಒಂದಕ್ಕೊಂದು ಬೆರೆಯದಂತೆ ತಡೆದಿಡುವುದು ಅದರ ಕೆಲಸ. ಅದು ಎಲ್ಲಿ ಒಡೆಯಿತೋ ಅದಕ್ಕೆ ತಕ್ಕ ಲಕ್ಷಣ ಕಾಣುತ್ತದೆ. ಹೊರಗೆ ಎಲ್ಲಿಯೂ ಸೋರದೆ ನೀರು ಕಡಿಮೆಯಾಗುವುದು, ಇಂಜಿನು ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿರುವುದು, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಚಹದ ಬಣ್ಣ, ರೇಡಿಯೇಟರಿನಲ್ಲಿ ಎಣ್ಣೆಯ ಪದರ, ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸು ಕಲ್ಲಿನಂತೆ ಬಿಗಿಯುವುದು. ಇವೆಲ್ಲ ಒಟ್ಟಿಗೇ ಕಾಣಬೇಕೆಂದಿಲ್ಲ.

ಆದರೆ ಇದೇ ಲಕ್ಷಣಗಳನ್ನು ಬೇರೆ ರೋಗಗಳೂ ತೋರಿಸುತ್ತವೆ. ಬೆಟ್ಟದ ಚಳಿಯಲ್ಲಿ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಬಿಳಿ ಹಬೆ ಬರಿಯ ನೀರಾವಿ, ಹತ್ತು ನಿಮಿಷದಲ್ಲಿ ಹೋಗುತ್ತದೆ. ಸ್ವಲ್ಪ ಸ್ವಲ್ಪ ದೂರವೇ ಓಡಿಸುವ ಗಾಡಿಯಲ್ಲಿ ಆಯಿಲ್ ಮುಚ್ಚಳದ ಅಡಿ ಮಾತ್ರ ನೊರೆ ಕಟ್ಟಬಹುದು. ಕಡ್ಡಿಯಲ್ಲಿ ಆಯಿಲು ಸ್ವಚ್ಛವಾಗಿದ್ದರೆ ಅದರಿಂದಲೇ ಹೆದರಬೇಡಿ. ಡೀಸೆಲ್ ಗಾಡಿಯಲ್ಲಿ ಆಯಿಲ್ ಕೂಲರು ಒಡೆದರೂ ಆಯಿಲು ನೀರು ಬೆರೆಯುತ್ತದೆ. ಇತ್ತೀಚಿನ ಅನೇಕ ಡೀಸೆಲ್ ಗಾಡಿಗಳಲ್ಲಿ ಇ.ಜಿ.ಆರ್. ಕೂಲರ್ ಎಂಬ ಭಾಗವಿದೆ. ಅದು ಒಳಗೆ ಬಿರಿದರೆ ನೀರೂ ಹೋಗುತ್ತದೆ, ಬಿಳಿ ಹೊಗೆಯೂ ಬರುತ್ತದೆ, ಗ್ಯಾಸ್ಕೆಟ್ಟು ಮಾತ್ರ ಚೆನ್ನಾಗಿರುತ್ತದೆ! ಥರ್ಮೋಸ್ಟಾಟು ಸಿಕ್ಕಿಕೊಂಡರೆ, ವಾಟರ್ ಪಂಪು ಸವೆದರೆ, ಫ್ಯಾನ್ ಬೆಲ್ಟು ಜಾರಿದರೆ ಏರಿನಲ್ಲಿ ಕಾಯುವುದು ಸಹಜ.

ರೇಡಿಯೇಟರ್ ಮುಚ್ಚಳದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎತ್ತರಕ್ಕೆ ಹೋದಷ್ಟೂ ನೀರು ಬೇಗ ಕುದಿಯುತ್ತದೆ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ತೆರೆದ ಪಾತ್ರೆಯ ನೀರು 93 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಕುದಿಯುತ್ತದೆ. ಒಳ್ಳೆಯ ಮುಚ್ಚಳ 13ರಿಂದ 15 ಪೌಂಡ್ ಒತ್ತಡ ಹಿಡಿದಿಡುವುದರಿಂದ ಬಯಲುಸೀಮೆಯಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರು ಸತ್ತಿದ್ದರೆ ಆ ರಕ್ಷಣೆಯೇ ಇಲ್ಲ. ಮುಚ್ಚಳದ ಬೆಲೆ ನಿಮಗೆ ಗೊತ್ತು, ಹೆಡ್ ಕೆಲಸದ ಬೆಲೆಯೂ ಗೊತ್ತು. ಯಾವುದನ್ನು ಮೊದಲು ನೋಡಬೇಕು?

ಪರೀಕ್ಷೆ ಮಾಡುವ ಬಗೆ ಹೀಗೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯ ಮುಚ್ಚಳ ತೆಗೆದು, ಬಾಯಿತನಕ ನೀರು ತುಂಬಿ ಸ್ಟಾರ್ಟ್ ಮಾಡಿ. (ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ, ಮುಖ ಬೆಂದವರನ್ನು ನಾವು ನೋಡಿದ್ದೇವೆ.) ಮೊದಲ ಕೆಲವು ಗುಳ್ಳೆಗಳು ಒಳಗೆ ಸಿಕ್ಕಿಕೊಂಡ ಗಾಳಿಯಿರಬಹುದು. ಗುಳ್ಳೆ ನಿಲ್ಲದೆ, ಎಕ್ಸಲರೇಟರು ತುಳಿದಂತೆ ಹೆಚ್ಚಾದರೆ, ಅದು ಸಿಲಿಂಡರಿನ ಹೊಗೆ. ಇದನ್ನು ಖಚಿತ ಮಾಡಲು ಒಂದು ನೀಲಿ ದ್ರವವಿದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರೊಳಗೆ ಎಳೆದಾಗ ಪೆಟ್ರೋಲ್ ಗಾಡಿಯಲ್ಲಿ ಹಳದಿಗೆ, ಡೀಸೆಲ್ ಗಾಡಿಯಲ್ಲಿ ಹಸಿರಿಗೆ ತಿರುಗಿದರೆ ಹೊಗೆ ನೀರಿಗೆ ನುಗ್ಗುತ್ತಿದೆ ಎಂದು ಅರ್ಥ. ಇನ್ನೊಂದು, ಕಂಪ್ರೆಷನ್ ಪರೀಕ್ಷೆ. ಇಲ್ಲಿ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಅಕ್ಕಪಕ್ಕದ ಎರಡು ಮಾತ್ರ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ಟು ಸುಟ್ಟಿರುವ ಸಂಭವ ಬಹಳ. ಎಲ್ಲವೂ ಸಮನಾಗಿ ಇಳಿದಿದ್ದರೆ ಅದು ರಿಂಗು, ಬೋರುಗಳ ಸವೆತ. ಆಗ ಬರೀ ಗ್ಯಾಸ್ಕೆಟ್ಟು ಹಾಕಿ ಫಲವಿಲ್ಲ.

ದಾರಿಯಲ್ಲಿ ಕಾದರೆ ಏನು ಮಾಡಬೇಕೆಂದು ಕೆಲವರು ಕೇಳಿದ್ದಿರಿ. ನಿಲ್ಲಿಸಬೇಕು, ಅಷ್ಟೇ. ನೀರು ಪೂರ್ತಿ ಬತ್ತಿದಾಗ ಮೀಟರಿನ ಮುಳ್ಳು ಕೆಳಗಿಳಿದು ಮೋಸ ಮಾಡುವುದೂ ಉಂಟು. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ. ಅರಿಶಿನ ಪುಡಿ ಹಾಕುವುದು ರೇಡಿಯೇಟರಿನ ಸಣ್ಣ ತೂತಿಗೆ, ಮನೆ ಮುಟ್ಟುವವರೆಗಿನ ಉಪಾಯ, ಗ್ಯಾಸ್ಕೆಟ್ಟಿಗೆ ಅಲ್ಲ.

ಈಗ ಹೆಡ್ ಇಳಿಸಿದ್ದಾಯಿತು ಎನ್ನೋಣ. ಎದುರಿಗೇ ನಿಂತು ನೋಡಿ. ನೇರವಾದ ಉಕ್ಕಿನ ಪಟ್ಟಿ ಇಟ್ಟು, ಅಡಿಯಲ್ಲಿ ಫೀಲರ್ ಗೇಜು ತೂರಿಸಿ ಹೆಡ್ ಬಾಗಿದೆಯೇ ಎಂದು ಅಳೆಯಬೇಕು. ಸಾಮಾನ್ಯವಾಗಿ 0.05ರಿಂದ 0.10 ಮಿಲಿಮೀಟರ್‌ವರೆಗೆ ಮಾತ್ರ ಕ್ಷಮೆ, ಅಂದರೆ ಒಂದು ತಲೆಗೂದಲಿನ ದಪ್ಪ. ಬ್ಲಾಕಿನ ಮೇಲ್ಮೈಯನ್ನೂ ಹಾಗೆಯೇ ಅಳೆಯಬೇಕು, ಇದನ್ನು ಬಹಳ ಜನ ಬಿಡುತ್ತಾರೆ. ವಾಲ್ವುಗಳ ನಡುವೆ ಬಿರುಕಿದೆಯೇ ಎಂದು ಒತ್ತಡ ಕೊಟ್ಟು ನೋಡಿದ ಮೇಲೆಯೇ ಲೇತಿನಲ್ಲಿ ಫೇಸಿಂಗ್. ಕೆಲವು ಡೀಸೆಲ್ ಹೆಡ್ಡುಗಳಿಗೆ ಫೇಸಿಂಗೇ ಕೂಡದು, ಕಂಪನಿಯ ಪುಸ್ತಕ ನೋಡಬೇಕು. ಅನೇಕ ಡೀಸೆಲ್ ಗ್ಯಾಸ್ಕೆಟ್ಟುಗಳ ಅಂಚಿನಲ್ಲಿ ಕಚ್ಚು ಅಥವಾ ತೂತುಗಳಿರುತ್ತವೆ, ಅವು ದಪ್ಪದ ಗುರುತು. ಪಿಸ್ಟನ್ ಎಷ್ಟು ಮೇಲೆ ಬರುತ್ತದೆಂದು ಅಳೆದು ಅದಕ್ಕೆ ತಕ್ಕ ದಪ್ಪ ತರಬೇಕು. ಬಿಗಿದಾಗ ಹಿಗ್ಗುವ ಜಾತಿಯ ಬೋಲ್ಟುಗಳಾದರೆ ಹೊಸವೇ ಬೇಕು. ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು.

ಇಂಜಿನು ಉಳಿಸಬೇಕೋ ಬದಲಿಸಬೇಕೋ ಎಂಬುದನ್ನು ಹೇಳುವುದು ಕೆಳಗಿನ ಅರ್ಧ. ಕಾಯುವ ಮೊದಲು ಆಯಿಲ್ ಒತ್ತಡ ಸರಿಯಿತ್ತೇ? ಬೋರಿನ ಅಳತೆ ಮಿತಿಯೊಳಗಿದೆಯೇ? ಇವೆರಡೂ ಸರಿಯಿದ್ದು ಹೆಡ್ ಮಾತ್ರ ಬಾಗಿದ್ದರೆ, ಹೆಡ್ ಕೆಲಸವೇ ಸಾಕು. ಜೊತೆಗೆ ಕಾಯಲು ಕಾರಣವಾದ ರೇಡಿಯೇಟರು, ಥರ್ಮೋಸ್ಟಾಟು ಸರಿಯಾಗಬೇಕು, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ಅದೇ ಏರಿನಲ್ಲಿ ಹೋಗುತ್ತದೆ. ನೀರು ಬೆರೆತ ಆಯಿಲಿನಲ್ಲಿ ಬಹುದೂರ ಓಡಿದ್ದರೆ ಚೇಂಬರ್ ಇಳಿಸಿ ಬೇರಿಂಗು ನೋಡದೆ ಮುಚ್ಚಬೇಡಿ. ಬೋರು ಸವೆದಿದ್ದರೂ ಲೈನರ್ ಇರುವ ಡೀಸೆಲ್ ಇಂಜಿನಿಗೆ ಹೊಸ ಲೈನರ್ ಹಾಕಬಹುದು, ಬ್ಲಾಕ್ ಎಸೆಯಬೇಕಿಲ್ಲ. ಬ್ಲಾಕೇ ಬಿರಿದಿದ್ದರೆ, ಅಥವಾ ಹಿಂದೆ ಕೊನೆಯ ಅಳತೆಯವರೆಗೆ ಬೋರ್ ಮಾಡಿಸಿ ಮತ್ತೆ ಸವೆದಿದ್ದರೆ ಆಗ ಬದಲಾವಣೆಯ ಮಾತು. ಲೆಕ್ಕ ಹಾಕುವಾಗ ರಿಪೇರಿ ಹಣದ ಜೊತೆಗೆ ಗಾಡಿ ನಿಲ್ಲುವ ದಿನಗಳ ಬಾಡಿಗೆ ನಷ್ಟವನ್ನೂ ಕೂಡಿಸಿ.

ಸಂಬಳದ ಚಾಲಕರಿಗೆ ಒಂದು ಮಾತು. ಇಂಜಿನು ಕಾದೊಡನೆ "ನೀನು ನೀರು ನೋಡಲಿಲ್ಲ" ಎಂದು ಸಂಬಳ ಹಿಡಿಯುವುದು ನಮ್ಮಲ್ಲಿ ರೂಢಿ. ನಷ್ಟವು ನೌಕರನ ನಿರ್ಲಕ್ಷ್ಯದಿಂದಲೇ ಆದುದೆಂದಿರಬೇಕು, ಕಡಿತ ಆ ನಷ್ಟಕ್ಕಿಂತ ಹೆಚ್ಚಬಾರದು, ಮೊದಲು ಅವನಿಗೆ ಉತ್ತರ ಹೇಳಲು ಅವಕಾಶ ಕೊಡಬೇಕು. ಇದು 1936ರ ವೇತನ ಪಾವತಿ ಕಾಯಿದೆಯಲ್ಲೇ ಇತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲೂ ಇದೆ. ಆದುದರಿಂದ ನೀರು ಕಡಿಮೆಯಾಗುತ್ತಿದೆಯೆಂದು ಕಂಡ ದಿನವೇ ತಾರೀಖು, ಕಿಲೋಮೀಟರು ಬರೆದು ಮಾಲೀಕರಿಗೆ ತಿಳಿಸಿ. ಟ್ರಿಪ್ ಪುಸ್ತಕದಲ್ಲಾಗಲಿ, ಮೊಬೈಲಿನಲ್ಲಾಗಲಿ. ಹೆಡ್ ಇಳಿಸಿದ ದಿನ ಅಳತೆಯನ್ನೂ ಬರೆಸಿಕೊಳ್ಳಿ. ಹಳೆಯ ಗ್ಯಾಸ್ಕೆಟ್ಟು ಎಸೆಯಗೊಡಬೇಡಿ; ಎಲ್ಲಿ ಸುಟ್ಟಿದೆಯೆಂಬುದೇ ಸಾಕ್ಷಿ.

ಕಡೆಯದಾಗಿ, ಗುಜರಿ ಇಂಜಿನು ಕೊಳ್ಳುವವರು ಅದು ಓಡುವುದನ್ನು ಕೇಳಿ, ಕಂಪ್ರೆಷನ್ ನೋಡಿ, ಯಾವ ಗಾಡಿಯಿಂದ ಬಂತೆಂಬ ಕಾಗದ ಹಾಗೂ ಬಿಲ್ಲು ಪಡೆದೇ ಹಣ ಕೊಡಿ. ಆರ್.ಸಿ. ಪುಸ್ತಕದಲ್ಲಿ ಇಂಜಿನ್ ನಂಬರಿದೆ. ಇಂಜಿನು ಬದಲಾದರೆ ಆರ್.ಟಿ.ಓ. ಕಚೇರಿಯಲ್ಲಿ ಅದು ದಾಖಲಾಗಬೇಕು, ಸಾಲ ಕೊಟ್ಟವರಿಗೂ ವಿಮಾ ಕಂಪನಿಗೂ ತಿಳಿಸಬೇಕು. ಅರ್ಜಿ ಬರೆಯಲು ಕಷ್ಟವಾದವರು ಕಾಗದಗಳನ್ನು ತೆಗೆದುಕೊಂಡು ಬನ್ನಿ, ಕೂತು ಬರೆಯೋಣ.