ನಾಲ್ಕು ಚೌಕಗಳ ಕುಣಿತ
(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಇಂತಹ ಸಮಾರಂಭಗಳಲ್ಲಿ ವಿದ್ಯೆಯ ಮಹಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಆ ಮಹಿಮೆಯನ್ನು ನೀವೆಲ್ಲರೂ ಬಲ್ಲಿರಿ. ಬಲ್ಲದ್ದರಿಂದಲೇ ಗೋವೆಯ ನೆಲದಲ್ಲಿ ಕನ್ನಡದ ಶಾಲೆಯನ್ನು ನಡೆಯಿಸಿಕೊಂಡು ಬಂದಿದ್ದೀರಿ. ಆದುದರಿಂದ ನಾವು ಇಂದು ಆರಿಸಿಕೊಂಡಿರುವುದು ಸಣ್ಣದೆಂದು ತೋರುವ ವಿಷಯ: ಒಂದು ಆಟ, ಮತ್ತು ಆ ಆಟವನ್ನು ಅನುಸರಿಸಿ ಕಟ್ಟಿದ ಒಂದು ಕುಣಿತ. ಮಕ್ಕಳು ಇದನ್ನು ಕೇಳಿ ನಗುತ್ತಿರುವರು. ನಗಲಿ, ಅವರಿಗೆ ಈ ವಿಷಯವು ನಮಗಿಂತ ಹೆಚ್ಚು ಗೊತ್ತು.

ಆಟದ ಹೆಸರು ಟೆಟ್ರಿಸ್. 1984ರಲ್ಲಿ ಮಾಸ್ಕೋ ನಗರದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿತ್ನೋವ್ ಎಂಬವರು ಇದನ್ನು ರಚಿಸಿದರು. ಅವರ ಕೈಯಲ್ಲಿದ್ದ ಯಂತ್ರಕ್ಕೆ ಚಿತ್ರ ಬಿಡಿಸುವ ಸೌಕರ್ಯವಿರಲಿಲ್ಲ. ಬರವಣಿಗೆಯಲ್ಲಿ ಬಳಸುವ ಕಂಸ ಚಿಹ್ನೆಗಳನ್ನೇ ಒಂದರ ಪಕ್ಕಕ್ಕೊಂದು ಇಟ್ಟು ಅವರು ಚೌಕಗಳನ್ನು ಮಾಡಿಕೊಂಡರು. ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿದರೆ ಏಳು ಬಗೆಯ ತುಂಡುಗಳಾಗುತ್ತವೆ. ಅವು ಒಂದೊಂದಾಗಿ ಮೇಲಿನಿಂದ ಇಳಿಯುತ್ತವೆ. ಆಡುವವನು ಅವನ್ನು ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಕೂಡಿಸಬೇಕು. ಹತ್ತು ಚೌಕಗಳ ಒಂದು ಸಾಲು ಪೂರ್ತಿಯಾದೊಡನೆ ಆ ಸಾಲು ಮಾಯವಾಗುತ್ತದೆ. ಗ್ರೀಕ್ ಭಾಷೆಯಲ್ಲಿ ನಾಲ್ಕು ಎಂಬರ್ಥದ ಮಾತಿಗೆ ತಮ್ಮ ಮೆಚ್ಚಿನ ಟೆನಿಸ್ ಆಟದ ಹೆಸರನ್ನು ಬೆಸೆದು ಪಾಜಿತ್ನೋವರು ಈ ಹೆಸರನ್ನಿಟ್ಟರು. 1989ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರದೊಡನೆ ಇದು ಲೋಕವನ್ನೆಲ್ಲ ಸುತ್ತಿತು. ಆದರೆ ಕಟ್ಟಿದವರಿಗೆ ಅದರ ಗೌರವಧನ ದೊರೆಯತೊಡಗಿದ್ದು 1996ರಿಂದ ಈಚೆಗೆ ಮಾತ್ರ.

ಇನ್ನು ಕುಣಿತದ ಮಾತು. ಫ್ರಾನ್ಸಿನ ಯೂಬಿಸಾಫ್ಟ್ ಎಂಬ ಸಂಸ್ಥೆಯು 2009ರಲ್ಲಿ 'ಜಸ್ಟ್ ಡ್ಯಾನ್ಸ್' ಎಂಬ ಆಟವನ್ನು ಹೊರತಂದಿತು. ಪರದೆಯ ಮೇಲೆ ಒಬ್ಬ ನರ್ತಕ ಕುಣಿಯುತ್ತಾನೆ. ಎದುರಿಗಿರುವವರು ಕನ್ನಡಿಯನ್ನು ನೋಡುವಂತೆ ನೋಡುತ್ತ ಅವನಂತೆಯೇ ಕುಣಿಯುತ್ತಾರೆ. ಕೈಯಲ್ಲಿ ಹಿಡಿದ ಸಾಧನವು ಅವರ ಚಲನೆಯನ್ನು ಅಳೆದು ಅಂಕ ಕೊಡುತ್ತದೆ. ಟೆಟ್ರಿಸ್ ಹುಟ್ಟಿ 30 ವರ್ಷಗಳು ತುಂಬಿದ 2014ರಲ್ಲಿ ಈ ಮಾಲೆಯ 'ಜಸ್ಟ್ ಡ್ಯಾನ್ಸ್ 2015' ಹೊರಬಂದಿತು. ಅದರಲ್ಲಿ ಟೆಟ್ರಿಸ್ ಹೆಸರಿನದೇ ಒಂದು ಕುಣಿತವಿದೆ. ನಾಲ್ವರು ಕೂಡಿ ಕುಣಿಯುವ ಕುಣಿತವದು. ನಾಲ್ಕು ಚೌಕಗಳಿಗೆ ನಾಲ್ವರು ಎಂಬ ಲೆಕ್ಕ ಎಷ್ಟು ಸಹಜವಾಗಿದೆ ನೋಡಿರಿ.

ಆ ಆಟದೊಡನೆ ಕೇಳಿಬರುವ ರಾಗವು ರಷ್ಯಾದ ಒಂದು ಜಾನಪದ ಗೀತೆಯದು. ಅದರ ಹೆಸರು 'ಕೊರೊಬೈನಿಕಿ'. ಎಂದರೆ, ಪೆಟ್ಟಿಗೆ ಹೊತ್ತು ಊರೂರು ತಿರುಗುವ ಚಿಲ್ಲರೆ ವ್ಯಾಪಾರಿಗಳು. ಅದರ ಮೂಲವು ನಿಕೊಲಾಯ್ ನೆಕ್ರಾಸೊವ್ ಎಂಬ ಕವಿ 1861ರಲ್ಲಿ ಪ್ರಕಟಿಸಿದ ಕಾವ್ಯದಲ್ಲಿದೆ. ಬಟ್ಟೆಬರೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಹೊತ್ತು ಮಾರುವ ಬಡವರ ಹಾಡದು. ಲೋಕದ ಮಕ್ಕಳೆಲ್ಲ ಆಟದ ರಾಗವೆಂದು ಗುನುಗುವುದು ಹೊರೆ ಹೊತ್ತವರ ರಾಗವನ್ನು ಎಂದಾಯಿತು. ಇಲ್ಲಿ ಕುಳಿತಿರುವ ನಮಗೆ ಅಂಥವರನ್ನು ಕಾಣಲು ರಷ್ಯಾಕ್ಕೆ ಹೋಗಬೇಕಾಗಿಲ್ಲ. ಕಲಂಗೂಟ, ಅಂಜುಣಗಳ ಕಡಲದಂಡೆಯಲ್ಲಿ, ಉರಿಯುವ ಮರಳಿನ ಮೇಲೆ, ಕಸೂತಿಯ ಬಟ್ಟೆ, ಚೀಲ, ಸರಗಳನ್ನು ಹೊತ್ತು ಮಾರುವ ನಮ್ಮ ಲಂಬಾಣಿ ತಾಯಂದಿರು ಬಹುಮಟ್ಟಿಗೆ ಕರ್ನಾಟಕದಿಂದ ಬಂದವರೇ ಅಲ್ಲವೇ? ಆ ರಾಗಕ್ಕೆ ನಮ್ಮ ಮಕ್ಕಳು ಹೆಜ್ಜೆ ಹಾಕಿದರೆ ಪರಕೀಯವಾದುದನ್ನು ಅನುಕರಿಸಿದಂತಾಗದು; ತಮ್ಮವರದೇ ಕಥೆಗೆ ಕುಣಿದಂತಾಗುತ್ತದೆ.

ಕುಣಿಯುತ್ತ ಆಕೃತಿಯನ್ನು ಕಟ್ಟುವ ಕಲೆಯೂ ನಮಗೆ ಹೊಸದಲ್ಲ. ಗೋವೆಯ ಶಿಗ್ಮೊ ಹಬ್ಬದಲ್ಲಿ ಕುಣಿಯುವ ಗೋಫ್ ನೃತ್ಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿಗಳನ್ನು ಹಿಡಿದು, ಒಬ್ಬರನ್ನೊಬ್ಬರು ದಾಟುತ್ತ ಕುಣಿಯುವವರು ಒಂದು ಜಡೆಯನ್ನೇ ಹೆಣೆದುಬಿಡುತ್ತಾರೆ. ಬಳಿಕ ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕಿ ಆ ಹೆಣಿಗೆಯನ್ನು ಬಿಚ್ಚುತ್ತಾರೆ. ನಮ್ಮ ನಾಡಿನ ಜಡೆಕೋಲಾಟವೂ ಇದರ ಒಡಹುಟ್ಟೇ. ಒಬ್ಬನು ಒಂದು ಹೆಜ್ಜೆ ತಪ್ಪಿದರೆ ಇಡೀ ಜಡೆ ಗಂಟಾಗುತ್ತದೆ. ಒಂಟಿಯಾಗಿ ಎಷ್ಟು ಚೆನ್ನಾಗಿ ಕುಣಿದರೂ ಜಡೆಯಾಗದು. ಟೆಟ್ರಿಸ್ ಕುಣಿತದ ಮರ್ಮವೂ ಇದುವೇ.

ಉಪಾಧ್ಯಾಯ ಬಂಧುಗಳ ಗಮನಕ್ಕೆ ಇನ್ನೊಂದು ಸಂಗತಿಯನ್ನು ತರಬಯಸುತ್ತೇವೆ. ಈ ಕುಣಿತವನ್ನು ಕಲಿಸಲು ಯಂತ್ರವೂ ಬೇಡ, ಪರದೆಯೂ ಬೇಡ. ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಚೌಕಗಳನ್ನು ಬರೆದರೆ ಸಾಕು. ನಾಲ್ವರು ಮಕ್ಕಳು ಒಂದೇ ಸಾಲಿನಲ್ಲಿ ನಿಂತರೆ ಕೋಲು. ಇಬ್ಬರ ಹಿಂದೆ ಇಬ್ಬರು ನಿಂತರೆ ಪೆಟ್ಟಿಗೆ. ಮೂವರ ಸಾಲಿನ ನಡುವಿನವನ ಮುಂದೆ ಒಬ್ಬನು ನಿಂತರೆ ಮೂರು ದಾರಿ ಕೂಡುವ ಆಕಾರ. ತುದಿಯವನ ಮುಂದೆ ನಿಂತರೆ ಮೊಣಕೈಯ ಆಕಾರ. ಇಬ್ಬರಿಬ್ಬರ ಎರಡು ಸಾಲುಗಳು ಒಂದು ಚೌಕದಷ್ಟು ಜರುಗಿ ನಿಂತರೆ ಮೆಟ್ಟಿಲು. ಮೊಣಕೈಗೂ ಮೆಟ್ಟಿಲಿಗೂ ಎಡದ್ದು, ಬಲದ್ದು ಎಂದು ಎರಡೆರಡು ರೂಪಗಳಿರುವುದರಿಂದ ಒಟ್ಟು ಏಳು. ಎಡದ ಮೆಟ್ಟಿಲನ್ನು ಎಷ್ಟು ತಿರುಗಿಸಿದರೂ ಅದು ಬಲದ ಮೆಟ್ಟಿಲಾಗದು. ಕನ್ನಡಿಯಲ್ಲಿ ನೋಡಿದರೆ ಮಾತ್ರ ಆಗುತ್ತದೆ. ಪುಸ್ತಕದಲ್ಲಿ ಓದಿ ಮರೆಯುವ ಈ ರೇಖಾಗಣಿತವು ಕಾಲಿಗೆ ಹತ್ತಿದರೆ ಮರೆಯದು.

ಮೇಲಿನ ತರಗತಿಯವರಿಗೆ ಒಂದು ಲೆಕ್ಕವನ್ನೂ ಕೊಡಬಹುದು. ಏಳು ತುಂಡುಗಳಿಗೆ 28 ಚೌಕಗಳು. ಅವುಗಳಿಂದ ಉದ್ದ ಏಳು, ಅಗಲ ನಾಲ್ಕು ಇರುವ ಆಯತವನ್ನು ತುಂಬಬಹುದೇ? ಆಯತಕ್ಕೆ ಚದುರಂಗದ ಹಾಸಿನಂತೆ ಕಪ್ಪು ಬಿಳುಪು ಬಣ್ಣ ಹಚ್ಚಿರಿ: 14 ಕಪ್ಪು, 14 ಬಿಳುಪು. ಆರು ತುಂಡುಗಳು ಎಲ್ಲಿಟ್ಟರೂ ಎರಡು ಕಪ್ಪನ್ನೂ ಎರಡು ಬಿಳುಪನ್ನೂ ಮುಚ್ಚುತ್ತವೆ. ಮೂರು ದಾರಿಯ ತುಂಡು ಮಾತ್ರ ಒಂದು ಬಣ್ಣದ ಮೂರನ್ನೂ ಇನ್ನೊಂದರ ಒಂದನ್ನೂ ಮುಚ್ಚುತ್ತದೆ. ಆದುದರಿಂದ ಲೆಕ್ಕವು 15 ಮತ್ತು 13 ಆಗುತ್ತದೆ. ಆಯತವು ಎಂದಿಗೂ ತುಂಬದು. ಹಾಗೆಂದು ಆ ತುಂಡನ್ನು ಎಸೆಯಬೇಕೇ? ಬೇಡ. ಅಂಥದೇ ಇನ್ನೊಂದನ್ನು ಜೊತೆಗೆ ತನ್ನಿರಿ. ಒಂದರ ಹೆಚ್ಚು ಇನ್ನೊಂದರ ಕಡಿಮೆಯನ್ನು ಸರಿದೂಗಿಸುತ್ತದೆ. ತರಗತಿಯಲ್ಲಿ ಹೊಂದಿಕೊಳ್ಳದ ಹುಡುಗನನ್ನು ಕುರಿತು ಉಪಾಧ್ಯಾಯರು ಆಲೋಚಿಸುವಾಗ ಈ ಲೆಕ್ಕವನ್ನು ನೆನೆಯಬೇಕೆಂದು ನಮ್ಮ ಬಿನ್ನಹ.

ಯಂತ್ರವು ಕೊಡುವ ಅಂಕಗಳ ವಿಷಯದಲ್ಲಿ ನಮಗೆ ಅಷ್ಟು ಗೌರವವಿಲ್ಲ. ಕೈಯಲ್ಲಿ ಹಿಡಿದ ಸಾಧನವು ಕೈಯ ಚಲನೆಯನ್ನು ಅಳೆಯಬಲ್ಲುದು. ಪಕ್ಕದವನಿಗೆ ಜಾಗ ಬಿಟ್ಟುಕೊಟ್ಟ ಕಾಲನ್ನು ಅಳೆಯಲಾರದು. ಮಕ್ಕಳು ಮೊಬೈಲಿನ ಮುಂದೆ ಒಬ್ಬೊಬ್ಬರೇ ಕುಳಿತು ಕಣ್ಣು ಕೆಡಿಸಿಕೊಳ್ಳುವರೆಂದು ಪಾಲಕರು ದೂರುವುದು ನ್ಯಾಯವೇ. ಆದರೆ ಬರಿಯ ಬೈಗಳಿಂದ ಆ ಚಟ ಬಿಡದು. ಪರದೆಯೊಳಗಿನ ಆಟವನ್ನೇ ಅಂಗಳಕ್ಕೆ ಎಳೆದು ತಂದು ನಾಲ್ವರನ್ನು ಕೂಡಿಸಿದರೆ, ಆಟವೂ ಉಳಿಯುವುದು, ಸ್ನೇಹವೂ ಬೆಳೆಯುವುದು.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ಟೆಟ್ರಿಸ್ ಆಟದಲ್ಲಿ ಒಂದು ವಿಚಿತ್ರ ನ್ಯಾಯವಿದೆ. ಸರಿಯಾಗಿ ತುಂಬಿದ ಸಾಲು ಕಣ್ಮರೆಯಾಗುತ್ತದೆ; ಸಂದು ಬಿಟ್ಟ ಸಾಲು ಮಾತ್ರ ಕಣ್ಣೆದುರಿಗೆ ಉಳಿದು ಮೇಲೇರುತ್ತದೆ. ಗೋವೆಯಲ್ಲಿ ನಮ್ಮವರ ಬಾಳುವೆಯೂ ಹೀಗೆಯೇ ಇದೆ. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆ ಹೊಂದಿದ ಮೇಲೆ ಇಲ್ಲಿ ಎದ್ದ ಮನೆ, ರಸ್ತೆ, ಸೇತುವೆಗಳಲ್ಲಿ ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದ ಕೂಲಿಕಾರರ ಬೆವರು ಬೆರೆತಿದೆ. ಕಟ್ಟಡವು ಪೂರ್ತಿಯಾದ ದಿನ ಕಟ್ಟಿದವರು ಅಲ್ಲಿ ಕಾಣಸಿಗುವುದಿಲ್ಲ. ಅವರು ತಗಡಿನ ಶೆಡ್ಡನ್ನು ಬಿಚ್ಚಿಕೊಂಡು ಬೇರೆ ಕೆಲಸದ ಜಾಗಕ್ಕೆ ಹೊರಟಿರುತ್ತಾರೆ. ಅವರೊಡನೆ ಅವರ ಮಕ್ಕಳೂ ಹೊರಡುತ್ತಾರೆ.

ಅಂಗಳದಲ್ಲಿ ನಾಲ್ವರು ನಿಂತ ಆಕೃತಿಯಿಂದ ಒಬ್ಬನು ಕಾಣೆಯಾದರೆ ಉಳಿದ ಮೂವರೂ ಕೈಚಾಚಿ ನಿಲ್ಲುತ್ತಾರೆ. ಶಾಲೆಯಲ್ಲಿ ಹೀಗೆ ನಡುವರ್ಷದಲ್ಲಿ ತೆರವಾಗುವ ಜಾಗವೇ ನಾವು ಹೇಳಿದ ಸಂದು. ಪಾಠ ಮುಗಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಕ್ಕಳು ಶಾಲೆಯನ್ನು ಬಿಟ್ಟುಹೋದರೆ ಅದು ತುಂಬಿದ ಸಾಲು. ಅದು ಕಣ್ಮರೆಯಾಗುವುದೇ ನಮ್ಮ ಗೆಲುವು. ಆದರೆ ಗಿಲಾಯಿ ಕೆಲಸ ಮುಗಿಯಿತೆಂದು ಐದನೆಯ ಇಯತ್ತೆಯ ಹುಡುಗಿ ಜನವರಿಯಲ್ಲಿ ಪಾಟಿಚೀಲವನ್ನು ಮಡಿಸಿಟ್ಟರೆ, ಆ ಸಂದನ್ನು ಆಮೇಲೆ ಯಾರು ತುಂಬಬಲ್ಲರು?

ಆದುದರಿಂದ ಪಾಲಕರಲ್ಲಿ ನಮ್ಮ ವಿನಂತಿ: ಜಾಗ ಬದಲಿಸುವ ಮುನ್ನ ಒಂದು ಮಾತನ್ನು ಗುರುಗಳಿಗೆ ತಿಳಿಸಿರಿ. ಊರಿನಲ್ಲಿ ನೆಲೆ ನಿಂತಿರುವ ಕನ್ನಡ ಬಂಧುಗಳಲ್ಲಿ ವಿನಂತಿ: ಪರೀಕ್ಷೆ ಮುಗಿಯುವವರೆಗೆ ಇಂಥ ಒಂದು ಮಗುವಿಗೆ ನಿಮ್ಮ ಮನೆಯಲ್ಲಿ ಊಟ, ನೆರಳು ಕೊಡಿರಿ. ಸಂಸ್ಥೆಯ ಹಿರಿಯರಲ್ಲಿ ವಿನಂತಿ: ಧರ್ಮನಿಧಿಯ ಒಂದು ಭಾಗವನ್ನು ದೂರದ ಶೆಡ್ಡುಗಳಿಂದ ಬರುವ ಮಕ್ಕಳ ಬಸ್ಸಿನ ಖರ್ಚಿಗೆಂದು ಎತ್ತಿಡಿರಿ. ಮುಂದಿನ ಸಮ್ಮೇಳನದಲ್ಲಿ ಏಳು ಆಕೃತಿಗಳಿಗೆ 28 ಮಕ್ಕಳು ಈ ವೇದಿಕೆಯ ಮೇಲೆ ಕುಣಿಯಲಿ. ತಾಲೀಮಿಗೆ ಬಂದ 28 ಮಕ್ಕಳೂ ಆ ದಿನ ತಮ್ಮ ತಮ್ಮ ಚೌಕದಲ್ಲಿ ನಿಂತಿರಲಿ.